ಮೌನವೂ ಒಂದು ಮಾತು

(ಸಂಘದ ವಾರ್ಷಿಕ ಕ್ರೀಡೋತ್ಸವದ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



'ಮೌನಂ ಸಮ್ಮತಿ ಲಕ್ಷಣಂ' ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮನೆಯ ಮಾತುಕತೆಗಳಲ್ಲಿ ಅದು ಸರಿಯಾಗಿರಬಹುದು. ಆಟದ ಬಯಲಿನಲ್ಲಿ ಮಾತ್ರ ಮೌನವು ಬಹುಮಟ್ಟಿಗೆ ಅಸಮ್ಮತಿಯ ಲಕ್ಷಣವೇ ಆಗಿರುತ್ತದೆ. ತೀರ್ಪುಗಾರನು ಸೀಟಿ ಊದಿ ಕೈ ತೋರಿಸುತ್ತಾನೆ. ಗೆರೆಯ ಹೊರಗೆ ನಿಂತ ತರಬೇತುದಾರನು ಒಂದು ಮಾತನ್ನೂ ಆಡುವುದಿಲ್ಲ. ಆದರೆ ಎರಡು ಕೈಗಳನ್ನೂ ಆಕಾಶಕ್ಕೆತ್ತುತ್ತಾನೆ, ತಲೆಯಾಡಿಸುತ್ತಾನೆ, ಜನರ ಕಡೆಗೆ ತಿರುಗಿ ಒಂದು ನಗೆ ನಕ್ಕು, ತೀರ್ಪುಗಾರನಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಬೈಗುಳವಿಲ್ಲ, ವಾದವಿಲ್ಲ. ಇಂಥವನನ್ನು ತೀರ್ಪುಗಾರನು ಬಯಲಿನಿಂದ ಹೊರಗೆ ಕಳುಹಿಸಬಹುದೇ? ಕಳುಹಿಸಬಹುದಾದರೆ ಯಾವಾಗ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಟ್ಟು, ನಮಗೆ ತೋಚಿದ ಉತ್ತರವನ್ನು ಅರಿಕೆ ಮಾಡಿಕೊಳ್ಳುತ್ತೇವೆ. ನೋಡುವುದಕ್ಕೆ ಸಣ್ಣದಾಗಿ ಕಂಡರೂ ಇದು ಮಕ್ಕಳ ಮನಸ್ಸಿನಲ್ಲಿ ನ್ಯಾಯದ ಕಲ್ಪನೆ ಹೇಗೆ ಬೇರೂರುತ್ತದೆ ಎಂಬುದಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಅಮೆರಿಕದವರ ಬೇಸ್‌ಬಾಲ್ ಆಟವನ್ನು ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳ ಹಳ್ಳಿಯ ಮಕ್ಕಳು ಕಂಡಿರುವುದು ಅಪರೂಪ. ಅದೂ ದಾಂಡು ಚೆಂಡುಗಳ ಆಟವೇ. ತರಬೇತುದಾರನನ್ನು ಹೊರಗಟ್ಟುವ ಪದ್ಧತಿ ಅಲ್ಲಿ ಬಹಳ ಹಳೆಯದು. ಎಸೆದ ಚೆಂಡು ಸರಿಯೋ ತಪ್ಪೋ ಎಂಬ ತೀರ್ಪನ್ನು ಕುರಿತು ವಾದಿಸಲು ತರಬೇತುದಾರನು ತನ್ನ ಸ್ಥಳವನ್ನು ಬಿಟ್ಟು ಬರತಕ್ಕದ್ದಲ್ಲ. ಎಚ್ಚರಿಸಿದ ಮೇಲೂ ಮುಂದುವರಿದರೆ ಅವನು ಹೊರಗೆ. ಅಟ್ಲಾಂಟಾ ತಂಡದ ಬಾಬಿ ಕಾಕ್ಸ್ ಎಂಬ ಪ್ರಸಿದ್ಧ ತರಬೇತುದಾರನು ತನ್ನ ಜೀವಮಾನದಲ್ಲಿ ೧೫೦ಕ್ಕೂ ಹೆಚ್ಚು ಸಲ ಹೀಗೆ ಹೊರಗೆ ಹೋದವನು. ಅದೇ ಆಟದಲ್ಲಿ ೧೯೮೫ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನ ಕ್ರೀಡಾಂಗಣದಲ್ಲಿ ವಾದ್ಯ ನುಡಿಸುತ್ತಿದ್ದ ವಿಲ್ಬರ್ ಸ್ನ್ಯಾಪ್ ಎಂಬಾತನು, ತೀರ್ಪೊಂದು ಹಿಡಿಸದೆ, 'ಮೂರು ಕುರುಡಿಲಿಗಳು' ಎಂಬ ಶಿಶುಗೀತೆಯ ಮಟ್ಟನ್ನು ನುಡಿಸಿದನು. ತೀರ್ಪುಗಾರನು ಅವನನ್ನೇ ಹೊರಗೆ ಕಳುಹಿಸಿದನು! ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ, ಬರಿಯ ರಾಗ. ಆದರೂ ತೀರ್ಪುಗಾರನು ಕುರುಡನೆಂಬ ಅರ್ಥವು ನೆರೆದವರಿಗೆಲ್ಲ ತಿಳಿದಿತ್ತು. ಮಾತಿಲ್ಲದೆಯೂ ಮಾತನಾಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ನಾವು ಬಲ್ಲ ಆಟಗಳ ನಿಯಮಗಳೂ ಇದನ್ನೇ ಒಪ್ಪುತ್ತವೆ. ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಮಂಡಳಿಯ ನಡತೆಯ ಸಂಹಿತೆಯಲ್ಲಿ ಅಸಮ್ಮತಿಯ ಉದಾಹರಣೆಗಳನ್ನು ಪಟ್ಟಿ ಮಾಡಿದ್ದಾರೆ: ತಲೆಯಾಡಿಸುವುದು, ಔಟಾದ ಮೇಲೂ ಹೊರಡಲು ತಡಮಾಡುವುದು, ಚೆಂಡು ದಾಂಡಿಗೆ ತಗುಲಿತ್ತೆಂದು ಅದರ ಅಂಚನ್ನು ತೋರಿಸುವುದು, ಭುಜವನ್ನು ಉಜ್ಜಿಕೊಳ್ಳುವುದು, ತೀರ್ಪುಗಾರನ ಕೈಯಿಂದ ಟೋಪಿಯನ್ನು ಕಸಿದುಕೊಳ್ಳುವುದು. ಇವುಗಳಲ್ಲಿ ಒಂದಕ್ಕೂ ನಾಲಿಗೆ ಬೇಕಿಲ್ಲ. ೨೦೧೭ರಿಂದ ಕ್ರಿಕೆಟ್ಟಿನ ಮೂಲ ನಿಯಮಗಳಲ್ಲಿಯೂ ಮಾತಿನಿಂದಾಗಲಿ ಕ್ರಿಯೆಯಿಂದಾಗಲಿ ಅಸಮ್ಮತಿ ತೋರಿಸುವುದು ಮೊದಲ ಹಂತದ ಅಪರಾಧವಾಗಿದೆ. ಮೊದಲ ಸಲ ಎಚ್ಚರಿಕೆ. ಮತ್ತೆ ನಡೆದರೆ ಎದುರು ತಂಡಕ್ಕೆ ಐದು ಓಟಗಳು.

ಕಾಲ್ಚೆಂಡಿನ ನಿಯಮಗಳು ಇನ್ನೂ ಸ್ಪಷ್ಟ. ೨೦೧೯ರಿಂದ ತರಬೇತುದಾರರಿಗೂ ಹಳದಿ, ಕೆಂಪು ಚೀಟಿಗಳನ್ನು ತೋರಿಸುವ ಪದ್ಧತಿ ಬಂದಿತು. ಅಲ್ಪ ಪ್ರಮಾಣದ ಅಸಮ್ಮತಿಗೆ ಬಾಯಿಮಾತಿನ ಎಚ್ಚರಿಕೆ. ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರೆ, ನೀರಿನ ಸೀಸೆಯನ್ನು ಎಸೆದರೆ ಹಳದಿ ಚೀಟಿ. ಅಸಮ್ಮತಿ ತೋರಿಸಲೆಂದೇ ತನ್ನ ಗೆರೆಯನ್ನು ದಾಟಿ ಬಂದರೆ, ಆಟ ಮತ್ತೆ ಪ್ರಾರಂಭವಾಗುವುದನ್ನು ತಡೆದರೆ ಕೆಂಪು ಚೀಟಿ. ನಮ್ಮ ಕಬಡ್ಡಿಯಲ್ಲಿಯೂ ಹಸಿರು, ಹಳದಿ, ಕೆಂಪು ಎಂಬ ಮೂರು ಮೆಟ್ಟಿಲುಗಳುಂಟು. ಮೊದಲು ಎಚ್ಚರಿಸು, ಬಳಿಕ ದಂಡಿಸು, ಕೊನೆಗೆ ಹೊರಗೆ ಕಳುಹಿಸು ಎಂಬುದೇ ಇವೆಲ್ಲದರ ತಿರುಳು.

ನಿಯಮದ ಪುಸ್ತಕವು ಮೆಟ್ಟಿಲನ್ನು ತೋರಿಸುತ್ತದೆ; ಎದುರಿಗೆ ನಿಂತವನು ಯಾವ ಮೆಟ್ಟಿಲಿನಲ್ಲಿದ್ದಾನೆಂದು ತಿಳಿಯುವ ವಿವೇಕವನ್ನು ತೀರ್ಪುಗಾರನೇ ತರಬೇಕು. ಅದಕ್ಕೆ ಮೂರು ಪ್ರಶ್ನೆಗಳು ಸಾಕೆಂದು ನಮ್ಮ ಅಭಿಪ್ರಾಯ.

ಮೊದಲನೆಯದು, ಆ ಮೌನವು ಯಾರಿಗಾಗಿ? ಸೋಲಿನ ನೋವಿಗೆ ಮುಖ ಬಾಡಿದರೆ, ಹಣೆಗೆ ಕೈ ಹಚ್ಚಿಕೊಂಡು ಕುಳಿತರೆ, ಅದು ಆ ಮನುಷ್ಯನ ಸ್ವಂತ ದುಃಖ. ಅದನ್ನು ದಂಡಿಸುವ ಅಧಿಕಾರ ಯಾವ ತೀರ್ಪುಗಾರನಿಗೂ ಇಲ್ಲ. ಅದೇ ಮುಖವನ್ನು ಜನರ ಕಡೆಗೆ ತಿರುಗಿಸಿ, 'ನೋಡಿರಿ, ಹೇಗೆ ಮೋಸವಾಯಿತು' ಎಂದು ಕೈಗಳಿಂದ ಸಾರಿದರೆ ಅದು ದುಃಖವಲ್ಲ, ಪ್ರಚಾರ. ಎರಡನೆಯದು, ಎಷ್ಟು ಸಲ, ಎಷ್ಟು ಹೊತ್ತು? ಒಂದು ಕ್ಷಣದ ಉದ್ವೇಗ ಯಾರಿಗಾದರೂ ಸಹಜ. ಎಚ್ಚರಿಸಿದ ಮೇಲೂ ಪ್ರತಿ ತೀರ್ಪಿಗೂ ಅದೇ ಅಭಿನಯ ನಡೆದರೆ ಅದು ಉದ್ದೇಶಪೂರ್ವಕ. ಮೂರನೆಯದು, ಆಟ ನಿಂತಿತೇ? ಗುರುವಿನ ಕಣ್ಸನ್ನೆಯಿಂದ ಹುಡುಗರು ಆಡುವುದನ್ನು ನಿಲ್ಲಿಸಿದರೆ, ಚೆಂಡನ್ನು ಕೊಡದೆ ಹೋದರೆ, ಬಯಲನ್ನು ಬಿಟ್ಟು ಹೊರಟರೆ, ಅಲ್ಲಿಗೆ ಸಹನೆಯ ಮಿತಿ ಮುಗಿಯಿತು.

ಹೀಗಿರಲಾಗಿ ಉತ್ತರವು ಇಷ್ಟು: ತನ್ನೊಳಗೇ ಇರುವ ಮೌನವನ್ನು ತೀರ್ಪುಗಾರನು ನೋಡಿಯೂ ನೋಡದಂತಿರಬೇಕು. ಜನರನ್ನೂ ಮಕ್ಕಳನ್ನೂ ಉದ್ದೇಶಿಸಿದ ಮೌನಕ್ಕೆ ಒಮ್ಮೆ ಎಚ್ಚರಿಕೆ ಕೊಡಬೇಕು. ಎಚ್ಚರಿಕೆಯ ಬಳಿಕವೂ ಅದು ಮುಂದುವರಿದರೆ, ಅಥವಾ ಮೊದಲ ಸಲವೇ ಆಟವನ್ನು ನಿಲ್ಲಿಸಿದರೆ, ಹೊರಗೆ ಕಳುಹಿಸಬೇಕು.

'ಬಾಯಿ ಬಿಟ್ಟು ಬೈದವನಿಗಿಂತ ಸುಮ್ಮನಿದ್ದವನು ಮೇಲಲ್ಲವೇ?' ಎಂದು ಕೆಲವರು ಕೇಳುವರು. ಯಾವಾಗಲೂ ಅಲ್ಲ. ಆಡಿದ ಮಾತಿಗೆ ಉತ್ತರವುಂಟು. 'ಆ ಹುಡುಗನ ಕಾಲು ಗೆರೆಯನ್ನು ಮುಟ್ಟಲಿಲ್ಲ' ಎಂದು ಹೇಳಿದರೆ, ಮುಟ್ಟಿತೋ ಇಲ್ಲವೋ ಎಂದು ವಿಚಾರಿಸಬಹುದು. ಕೈಯೆತ್ತಿ ನಕ್ಕ ನಗೆಗೆ ಯಾರು ಏನು ಉತ್ತರ ಕೊಟ್ಟಾರು? ಅದರ ಅರ್ಥವನ್ನು ಪ್ರತಿಯೊಬ್ಬನೂ ತನಗೆ ಬೇಕಾದಂತೆ ತುಂಬಿಕೊಳ್ಳುತ್ತಾನೆ. ತೀರ್ಪುಗಾರನ ಕಣ್ಣು ತಪ್ಪಿತೆಂದು ಒಬ್ಬನು, ಲಂಚ ತಿಂದನೆಂದು ಇನ್ನೊಬ್ಬನು ತಿಳಿಯುತ್ತಾನೆ.

ನಮ್ಮಂಥ ಶಾಲೆಗಳಿಗೆ ಇಲ್ಲಿ ಇನ್ನೊಂದು ಅಪಾಯವುಂಟು. ಅದನ್ನು ಬಿಚ್ಚಿ ಹೇಳುವುದೇ ಒಳ್ಳೆಯದು. ನಾವು ತಮಿಳುನಾಡಿನಲ್ಲಿ ಕನ್ನಡದಲ್ಲಿ ಓದುವವರು. ಜಿಲ್ಲೆಯ ಪಂದ್ಯಗಳಿಗೆ ಹೋದಾಗ ನಮ್ಮ ಮಕ್ಕಳು ಕೆಲವರೇ ಇರುತ್ತಾರೆ. ಸುತ್ತಲಿನ ಕೂಗು, ತೀರ್ಪುಗಾರನ ನುಡಿ ಬೇರೆ ಭಾಷೆಯದಾಗಿರುತ್ತದೆ. ಅಂಥ ಕಡೆ ಒಂದು ಅಂಕ ಕೈಬಿಟ್ಟಾಗ ಗುರುವು ಬಾಯಿಮುಚ್ಚಿ ತಲೆಯಾಡಿಸಿದರೆ, ಮಗುವು ಅದನ್ನು ಹೇಗೆ ಓದಿಕೊಳ್ಳುತ್ತದೆ? 'ನಾವು ಕನ್ನಡದವರೆಂದು ಹೀಗೆ ಮಾಡಿದರು' ಎಂದೇ ಓದಿಕೊಳ್ಳುವ ಸಂಭವವಿದೆ. ಗುರುವು ಹಾಗೆ ಹೇಳಿಲ್ಲ. ಬಹುಶಃ ಮನಸ್ಸಿನಲ್ಲಿಯೂ ಎಣಿಸಿಲ್ಲ. ಆದರೆ ಬೀಜ ಬಿದ್ದಾಯಿತು. ಆಡದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಉಪಾಯವೂ ಇಲ್ಲ. ನಾಳೆ ಅದೇ ಹುಡುಗನು ತಮಿಳು ಹುಡುಗರೊಂದಿಗೆ ಒಂದೇ ಬಸ್ಸಿನಲ್ಲಿ ಕುಳಿತು ಊರಿಗೆ ಬರಬೇಕು, ಒಂದೇ ಸಂತೆಯಲ್ಲಿ ವ್ಯವಹರಿಸಬೇಕು, ಒಂದೇ ಕಾಲೇಜಿನಲ್ಲಿ ಓದಬೇಕು. ಒಂದು ಅಂಕಕ್ಕಾಗಿ ಅವನ ಎದೆಯಲ್ಲಿ ಜೀವಮಾನದ ಸಂಶಯವನ್ನು ಬಿತ್ತುವುದು ಎಷ್ಟು ದುಬಾರಿಯ ವ್ಯಾಪಾರ! ಅಂಥ ತರಬೇತುದಾರನನ್ನು ಹೊರಗೆ ಕಳುಹಿಸುವ ತೀರ್ಪುಗಾರನು ತನ್ನ ಮಾನವನ್ನಲ್ಲ, ನಮ್ಮ ಮಕ್ಕಳ ಮನಸ್ಸನ್ನು ಕಾಪಾಡುತ್ತಾನೆ.

ಹಾಗೆಂದು ತೀರ್ಪುಗಾರರು ತಪ್ಪನ್ನೇ ಮಾಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ತಪ್ಪುಗಳಾಗುತ್ತವೆಂದೇ ಆಟಗಳು ದಾರಿಗಳನ್ನು ಇಟ್ಟಿವೆ. ವಾಲಿಬಾಲಿನಲ್ಲಿ ತಂಡದ ನಾಯಕನು ತೀರ್ಪಿನ ವಿವರಣೆಯನ್ನು ಕೇಳಬಹುದು. ಒಪ್ಪಿಗೆಯಾಗದಿದ್ದರೆ ಅಂಕಪತ್ರದಲ್ಲಿ ಆಕ್ಷೇಪಣೆಯನ್ನು ಬರೆಯುವ ಹಕ್ಕನ್ನು ಕಾದಿರಿಸಿಕೊಳ್ಳಬಹುದು. ಕ್ರಿಕೆಟ್ಟಿನಲ್ಲಿ ತೀರ್ಪಿನ ಪುನರ್ವಿಮರ್ಶೆಯನ್ನು ೨೦೦೮ರಲ್ಲಿ ಶ್ರೀಲಂಕಾದಲ್ಲಿ ಮೊದಲು ಪ್ರಯೋಗಿಸಿದಾಗ ಭಾರತ ತಂಡದ ನಾಯಕರಾಗಿದ್ದವರು ಬೆಂಗಳೂರಿನ ಅನಿಲ್ ಕುಂಬ್ಳೆಯವರು. ಅದೇ ವರ್ಷದ ಜನವರಿಯಲ್ಲಿ ಸಿಡ್ನಿಯ ಪಂದ್ಯದಲ್ಲಿ ಹಲವು ತೀರ್ಪುಗಳು ಅವರ ತಂಡಕ್ಕೆ ವಿರುದ್ಧವಾಗಿ ತಪ್ಪಿದ್ದವು. ತಂಡವು ಕೊನೆಯವರೆಗೂ ಆಡಿ ೧೨೨ ಓಟಗಳಿಂದ ಸೋತಿತು. ಆಟ ಮುಗಿದ ಮೇಲೆ ಕುಂಬ್ಳೆಯವರು ತಮ್ಮ ಅಸಮಾಧಾನವನ್ನು ಪತ್ರಕರ್ತರ ಮುಂದೆ ಬಾಯಿಬಿಟ್ಟು ಹೇಳಿದರು. ಮುಂದಿನ ಪಂದ್ಯಕ್ಕೆ ತೀರ್ಪುಗಾರ ಬಕ್ನರ್ ಅವರನ್ನು ಬದಲಾಯಿಸಲಾಯಿತು. ಪರ್ತ್‌ನಲ್ಲಿ ನಮ್ಮವರು ೭೨ ಓಟಗಳಿಂದ ಗೆದ್ದರು.

ಇದಕ್ಕೆ ಪ್ರತಿಯಾಗಿ ೨೦೦೬ರ ಆಗಸ್ಟ್ ೨೦ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದುದನ್ನು ನೋಡಿರಿ. ಚೆಂಡನ್ನು ಕೆಡಿಸಿದರೆಂದು ಐದು ಓಟಗಳ ದಂಡ ವಿಧಿಸಿದ್ದಕ್ಕೆ ಪಾಕಿಸ್ತಾನದ ತಂಡವು ಚಹದ ವಿರಾಮದ ಬಳಿಕ ಬಯಲಿಗೆ ಬರದೆ ಮೌನವಾಗಿ ಒಳಗೇ ಕುಳಿತಿತು. ತೀರ್ಪುಗಾರರು ಪಂದ್ಯವನ್ನು ಇಂಗ್ಲೆಂಡಿಗೆ ಕೊಟ್ಟುಬಿಟ್ಟರು. ಅನಂತರದ ವಿಚಾರಣೆಯಲ್ಲಿ ಚೆಂಡಿನ ಆರೋಪವು ಸಾಬೀತಾಗಲಿಲ್ಲ. ಆದರೂ ಆಟವನ್ನು ನಿಲ್ಲಿಸಿದ್ದಕ್ಕಾಗಿ ನಾಯಕ ಇಂಜಮಾಮ್‌ರಿಗೆ ನಾಲ್ಕು ಪಂದ್ಯಗಳ ನಿಷೇಧವಾಯಿತು. ದೂರು ನ್ಯಾಯವಾದುದೇ ಆಗಿದ್ದರೂ ದಾರಿ ತಪ್ಪಾದರೆ ಫಲ ಇಷ್ಟೇ.

ಗೆರೆಯ ಬಳಿ ನಿಂತ ಹಿರಿಯನು ಏನು ಮಾಡಬಲ್ಲನೆಂಬುದಕ್ಕೂ ಒಂದು ಉದಾಹರಣೆಯುಂಟು. ೧೯೮೧ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಗವಾಸ್ಕರರು ತಮ್ಮ ಮೇಲಿನ ತೀರ್ಪಿಗೆ ಸಿಟ್ಟಾಗಿ, ಜೊತೆಯ ಆಟಗಾರ ಚೇತನ್ ಚೌಹಾಣರನ್ನೂ ಕರೆದುಕೊಂಡು ಹೊರಟುಬಿಟ್ಟರು. ಮೇರೆಯ ಬಳಿ ಎದುರಾದ ತಂಡದ ವ್ಯವಸ್ಥಾಪಕ ವಿಂಗ್ ಕಮಾಂಡರ್ ದುರಾನಿಯವರು ಚೌಹಾಣರನ್ನು ಆಟಕ್ಕೆ ಹಿಂದಿರುಗಿಸಿದರು. ಅವರು ಅಂದು ಮುಖ ಗಂಟಿಕ್ಕಿಕೊಂಡು ಸುಮ್ಮನೆ ನಿಂತಿದ್ದರೆ ಪಂದ್ಯವೇ ಕೈತಪ್ಪುತ್ತಿತ್ತು. ಆ ಪಂದ್ಯವನ್ನು ಭಾರತವು ೫೯ ಓಟಗಳಿಂದ ಗೆದ್ದಿತು!

ಇನ್ನೊಂದು ಆಕ್ಷೇಪಣೆ ಉಳಿದಿದೆ. 'ಮೌನ ಪ್ರತಿಭಟನೆಯು ನಮ್ಮ ದೇಶವೇ ಲೋಕಕ್ಕೆ ಕಲಿಸಿದ ಧರ್ಮವಲ್ಲವೇ?' ನಿಜ. ನಮ್ಮ ನೆಲದವರೇ ಆದ ರಾಜಾಜಿಯವರನ್ನು ನೆನೆಯೋಣ. ಅವರು ೧೮೭೮ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಜನಿಸಿದರು. ಅಂದು ಅದು ಸೇಲಂ ಜಿಲ್ಲೆಗೆ ಸೇರಿತ್ತು. ಸೇಲಂನಲ್ಲಿ ವಕೀಲಿ ಮಾಡಿದ ಅವರು ೧೯೩೦ರ ಏಪ್ರಿಲ್‌ನಲ್ಲಿ ತಿರುಚಿರಾಪಳ್ಳಿಯಿಂದ ವೇದಾರಣ್ಯದವರೆಗೆ ನಡೆದು ಉಪ್ಪಿನ ಕಾನೂನನ್ನು ಮುರಿದರು. ಏನನ್ನು ವಿರೋಧಿಸುತ್ತೇವೆಂದು ಮೊದಲೇ ಸಾರಿದರು. ಸೆರೆಮನೆಯ ಶಿಕ್ಷೆಯನ್ನು ತಾವಾಗಿ ಸ್ವೀಕರಿಸಿದರು. ಗೆರೆಯ ಬಳಿ ಅಭಿನಯಿಸುವವನು ಇವೆರಡನ್ನೂ ಮಾಡುವುದಿಲ್ಲ. ಕೇಳಿದರೆ, 'ನಾನೇನು ಹೇಳಿದೆ? ಸುಮ್ಮನೆ ನಿಂತಿದ್ದೆನಲ್ಲ!' ಎನ್ನುತ್ತಾನೆ. ತನ್ನ ಮೌನದ ಅರ್ಥವನ್ನು ಒಪ್ಪಿಕೊಂಡು ದಂಡಕ್ಕೆ ತಲೆಬಾಗುವವನು ಸತ್ಯಾಗ್ರಹಿ. ಮೌನದ ಮರೆಯಲ್ಲಿ ಅಡಗಿಕೊಳ್ಳುವವನು ಸತ್ಯಾಗ್ರಹಿಯಲ್ಲ.

ತೀರ್ಪುಗಾರರಾಗಿ ನಿಲ್ಲುವ ಉಪಾಧ್ಯಾಯ ಮಿತ್ರರಿಗೂ ಎರಡು ಮಾತು. ಮುಖಗಳನ್ನು ಹುಡುಕಿಕೊಂಡು ಹೋಗಬೇಡಿರಿ. ನಿಮ್ಮ ಕಣ್ಣು ಆಟದ ಮೇಲಿರಲಿ. ಎಚ್ಚರಿಕೆಯನ್ನು ಮೆಲುದನಿಯಲ್ಲಿ ಕೊಡಿರಿ. ಹೊರಗೆ ಕಳುಹಿಸಲೇಬೇಕಾದಾಗ ಕೋಪವಿಲ್ಲದೆ ಕಳುಹಿಸಿ, ಕಾರಣವನ್ನು ಬರೆದಿಡಿರಿ. ಮಕ್ಕಳ ಜೊತೆ ಇನ್ನೊಬ್ಬ ಹಿರಿಯರು ಉಳಿಯುವಂತೆ ನೋಡಿಕೊಳ್ಳಿರಿ. ತೀರ್ಪುಗಾರನ ಮಾನವು ಗಾಜಿನ ಬಳೆಯಂತೆ ಮುಟ್ಟಿದರೆ ಒಡೆಯುವಂತಿರಬಾರದು.

ತಾಯ್ತಂದೆಗಳೇ, ನೀವೂ ಗೆರೆಯ ಹೊರಗೆ ನಿಲ್ಲುವವರೇ. ಸೋತ ಮಗುವು ಮೊದಲು ನೋಡುವುದು ನಿಮ್ಮ ಮುಖವನ್ನು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿ ಎಂಬ ಸಣ್ಣ ಊರಿನಿಂದ ಹೊರಟ ನಟರಾಜನ್ ೨೦೨೦-೨೧ರಲ್ಲಿ ಆಸ್ಟ್ರೇಲಿಯಾದ ಬಯಲುಗಳಲ್ಲಿ ದೇಶದ ಪರವಾಗಿ ಚೆಂಡೆಸೆದರು. ನಿಮ್ಮ ಮಕ್ಕಳೂ ಅಷ್ಟು ದೂರ ಹೋಗಬಹುದು. ಅಲ್ಲಿಯೂ ತಪ್ಪು ತೀರ್ಪುಗಳು ಕಾದಿರುತ್ತವೆ. ಅಂದು ಹೇಗೆ ನಿಲ್ಲಬೇಕೆಂಬುದನ್ನು ಅವರು ಇಂದು ಇಲ್ಲಿ, ನಮ್ಮ ನಿಮ್ಮ ಮುಖಗಳನ್ನು ನೋಡಿಯೇ ಕಲಿಯಬೇಕು.

ವಿದ್ಯಾರ್ಥಿಗಳೇ, ತೀರ್ಪು ತಪ್ಪೆಂದು ತೋರಿದರೆ ನಿಮ್ಮ ನಾಯಕನ ಮೂಲಕ ವಿನಯದಿಂದ ಕೇಳಿರಿ. ಉತ್ತರ ಬಂದ ಮೇಲೆ ಆಡಿರಿ. ಹೇಳಬೇಕಾದುದನ್ನು ಹೇಳಿರಿ, ಹೇಳಲಾರದುದನ್ನು ಮುಖದಿಂದ ಹೇಳಬೇಡಿರಿ.