ಪ್ರಮಾಣಾನುಗುಣ ಪ್ರಾತಿನಿಧ್ಯ: ಸಾಮಾನ್ಯ ಮತದಾರನಿಗೆ ಅದರಿಂದೇನು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಚುನಾವಣೆ ಬಂದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತೊಂದಿದೆ: "ಅವರಿಗೆ ಹಾಕಿದರೆ ವೋಟು ವೇಸ್ಟ್." ಮೆಚ್ಚಿದವರಿಗಲ್ಲ, ಗೆಲ್ಲುವವರಿಗೆ ಮತ ಹಾಕಬೇಕು ಎಂಬುದು ಇದರ ಅರ್ಥ. ಹಾಗಾದರೆ ಮತ ವ್ಯರ್ಥವಾಗುವುದು ಮತದಾರನಿಂದಲೋ, ಮತವನ್ನು ಸ್ಥಾನವಾಗಿ ಪರಿವರ್ತಿಸುವ ಪದ್ಧತಿಯಿಂದಲೋ? ಇಂದು ನಾನು ಮಾತನಾಡಬೇಕೆಂದಿರುವುದು ಈ ಪ್ರಶ್ನೆಯ ಬಗ್ಗೆ. ಯಾವ ಪಕ್ಷದ ಪರವಾಗಿಯೂ ಅಲ್ಲ, ವಿರೋಧವಾಗಿಯೂ ಅಲ್ಲ.

ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ. ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆದ್ದ. ಉಳಿದವರಿಗೆ ಬಿದ್ದ ಮತಗಳಿಗೆ ಅಲ್ಲಿಗೆ ಲೆಕ್ಕ ಮುಗಿಯಿತು. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯನ್ನು ನೆನಪಿಸಿಕೊಳ್ಳಿ. ಕಾಂಗ್ರೆಸ್ಸಿಗೆ ಸುಮಾರು ಶೇ. 38 ಮತ, ಬಿಜೆಪಿಗೆ ಸುಮಾರು ಶೇ. 36. ಆದರೆ ಆಗ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104ನ್ನೂ, ಕಾಂಗ್ರೆಸ್ 78ನ್ನೂ ಗೆದ್ದವು. ಇದರಲ್ಲಿ ಮೋಸವೇನೂ ಇಲ್ಲ. ಮತ ಎಷ್ಟು ಎಂಬುದಕ್ಕಿಂತ ಅದು ಎಲ್ಲೆಲ್ಲಿ ಹರಡಿದೆ ಎಂಬುದೇ ಈ ಪದ್ಧತಿಯಲ್ಲಿ ಮುಖ್ಯವಾಗುತ್ತದೆ, ಅಷ್ಟೇ.

ಇದೇ ಅನುಭವ ನಮಗಿಂತ ಮೊದಲು ನ್ಯೂಜಿಲೆಂಡಿಗೆ ಆಗಿತ್ತು. ಆ ದೇಶವೂ ನಮ್ಮಂತೆ ಬ್ರಿಟಿಷ್ ಪದ್ಧತಿಯನ್ನೇ ಅನುಸರಿಸುತ್ತಿತ್ತು. 1978 ಮತ್ತು 1981ರಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಂದರೂ ನ್ಯಾಷನಲ್ ಪಕ್ಷ ಹೆಚ್ಚು ಸ್ಥಾನ ಪಡೆದು ಅಧಿಕಾರದಲ್ಲಿ ಉಳಿಯಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ಶೇ. 20ಕ್ಕಿಂತ ಹೆಚ್ಚು ಮತ ಬಿತ್ತು. ಸಿಕ್ಕಿದ್ದು 92ರಲ್ಲಿ ಎರಡೇ ಸ್ಥಾನ. ಐವರಲ್ಲಿ ಒಬ್ಬ ಮತದಾರ ಹೇಳಿದ ಮಾತು ಸಂಸತ್ತಿನೊಳಗೆ ಹೆಚ್ಚುಕಡಿಮೆ ಕೇಳಿಸಲೇ ಇಲ್ಲ. ಇದನ್ನು ಪರಿಶೀಲಿಸಲು ನೇಮಕವಾದ ರಾಯಲ್ ಕಮಿಷನ್ 1986ರಲ್ಲಿ ವರದಿ ಕೊಟ್ಟಿತು. 1992 ಮತ್ತು 1993ರಲ್ಲಿ ಎರಡು ಬಾರಿ ಜನಮತ ಸಂಗ್ರಹ ನಡೆದು, ಜನರೇ ಹೊಸ ಪದ್ಧತಿಯನ್ನು ಆರಿಸಿಕೊಂಡರು. 1996ರಿಂದ ಅದು ಜಾರಿಯಲ್ಲಿದೆ.

ಈ ಪದ್ಧತಿ ಮತದಾರನಿಗೆ ಕಷ್ಟವೇ? ಇಲ್ಲ. ಅವನ ಕೈಗೆ ಬರುವುದು ಒಂದೇ ಮತಪತ್ರ, ಅದರಲ್ಲಿ ಎರಡು ಮತ. ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ತನಗೆ ಬೇಕಾದ ಪಕ್ಷಕ್ಕೆ. ಎರಡೂ ಒಂದೇ ಪಕ್ಷಕ್ಕೆ ಹೋಗಬೇಕೆಂದಿಲ್ಲ. ಅಭ್ಯರ್ಥಿ ಒಳ್ಳೆಯವನು, ಪಕ್ಷ ಹಿಡಿಸದು ಎಂದಾದರೆ ಮತವನ್ನು ಹಂಚಿ ಹಾಕಬಹುದು. ಕ್ಷೇತ್ರದ ಮತ ನಿಮ್ಮ ಊರಿನ ಪ್ರತಿನಿಧಿ ಯಾರು ಎಂಬುದನ್ನು ತೀರ್ಮಾನಿಸುತ್ತದೆ. ಸಂಸತ್ತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಲ ಎಂಬುದನ್ನು ತೀರ್ಮಾನಿಸುವುದು ಪಕ್ಷದ ಮತ. ಇದೊಂದನ್ನು ತಿಳಿದುಕೊಂಡರೆ ಮುಕ್ಕಾಲು ಪಾಠ ಮುಗಿದಂತೆ.

2017ರ ಲೆಕ್ಕ ನೋಡೋಣ. ಒಟ್ಟು 120 ಸ್ಥಾನ; ಅದರಲ್ಲಿ 71 ಕ್ಷೇತ್ರಗಳು, 49 ಪಟ್ಟಿಯ ಸ್ಥಾನಗಳು. ಪಕ್ಷದ ಮತಗಳಲ್ಲಿ ಶೇ. 44.4 ಪಡೆದ ನ್ಯಾಷನಲ್ ಪಕ್ಷಕ್ಕೆ 56 ಸ್ಥಾನಗಳ ಹಕ್ಕು ಬಂತು. 41 ಕ್ಷೇತ್ರಗಳನ್ನು ಅದು ಗೆದ್ದಿತ್ತು. ಉಳಿದ 15 ಸ್ಥಾನಗಳನ್ನು ಪಕ್ಷದ ಪಟ್ಟಿಯಿಂದ ತುಂಬಲಾಯಿತು. ಲೇಬರ್ ಪಕ್ಷಕ್ಕೆ ಶೇ. 36.9 ಮತ, 29 ಕ್ಷೇತ್ರ, 17 ಪಟ್ಟಿ, ಒಟ್ಟು 46. ಇನ್ನು ಗ್ರೀನ್ ಪಕ್ಷ. ಅದು ಒಂದು ಕ್ಷೇತ್ರವನ್ನೂ ಗೆಲ್ಲಲಿಲ್ಲ. ಆದರೆ ದೇಶದಾದ್ಯಂತ ಶೇ. 6.3 ಮತ ಪಡೆದಿದ್ದರಿಂದ ಅದರ 8 ಮಂದಿ ಸಂಸತ್ತಿಗೆ ಹೋದರು. ಹಳೆಯ ಪದ್ಧತಿಯಲ್ಲಿ ಅಷ್ಟೂ ಮತಗಳು ವ್ಯರ್ಥ!

ಈ ಪಟ್ಟಿಯಿಂದ ಇನ್ನೊಂದು ಪ್ರಯೋಜನವಾಯಿತು. ದೇಶದ ಎಲ್ಲ ಬಗೆಯ ಮತದಾರರನ್ನೂ ಒಲಿಸಿಕೊಳ್ಳಬೇಕಾದ ಪಕ್ಷ, ತನ್ನ ಪಟ್ಟಿಯಲ್ಲಿ ಎಲ್ಲ ಬಗೆಯ ಜನರಿಗೂ ಜಾಗ ಕೊಡಲು ಮುಂದಾಗುತ್ತದೆ. ಆ ದೇಶದ ಮೊದಲ ಮುಸ್ಲಿಂ ಸಂಸದ ಅಶ್ರಫ್ ಚೌಧರಿ 2002ರಲ್ಲಿ ಸಂಸತ್ತನ್ನು ಪ್ರವೇಶಿಸಿದ್ದು ಲೇಬರ್ ಪಕ್ಷದ ಪಟ್ಟಿಯಿಂದಲೇ. ಪ್ರತ್ಯೇಕ ಮತಕ್ಷೇತ್ರದ ಅಗತ್ಯ ಅದಕ್ಕೆ ಬೀಳಲಿಲ್ಲ.

ಆದರೆ ಈ ಪದ್ಧತಿಯಲ್ಲಿ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ಪಟ್ಟಿಯ ಸ್ಥಾನ ಸಿಗಬೇಕಾದರೆ ಪಕ್ಷ ಶೇ. 5 ಮತ ಪಡೆಯಬೇಕು, ಇಲ್ಲವೇ ಒಂದು ಕ್ಷೇತ್ರವನ್ನಾದರೂ ಗೆಲ್ಲಬೇಕು. 2008ರಲ್ಲಿ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಶೇ. 4.07 ಮತ ಬಂದರೂ ಸ್ಥಾನ ಸೊನ್ನೆ. ಅದಕ್ಕಿಂತ ಕಡಿಮೆ, ಶೇ. 3.65 ಮತ ಪಡೆದ ಆ್ಯಕ್ಟ್ ಪಕ್ಷ ಒಂದು ಕ್ಷೇತ್ರ ಗೆದ್ದಿದ್ದರಿಂದ ಒಟ್ಟು 5 ಸ್ಥಾನ ಪಡೆಯಿತು. ಪಟ್ಟಿಯಲ್ಲಿ ಯಾರು ಮೊದಲು, ಯಾರು ನಂತರ ಎಂಬುದನ್ನು ನಿರ್ಧರಿಸುವುದೂ ಪಕ್ಷವೇ. ಮತದಾರ ಅದನ್ನು ಬದಲಿಸಲಾರ. ಸಮ್ಮಿಶ್ರ ಸರ್ಕಾರಗಳೂ ಸಾಮಾನ್ಯ. 2017ರಲ್ಲಿ ಅತಿ ದೊಡ್ಡ ಪಕ್ಷವಾದ ನ್ಯಾಷನಲ್ ವಿರೋಧ ಪಕ್ಷದಲ್ಲಿ ಕುಳಿತಿತು. ಹೀಗಿದ್ದೂ 2011ರ ಜನಮತ ಸಂಗ್ರಹದಲ್ಲಿ ಸುಮಾರು ಶೇ. 58 ಮತದಾರರು ಈ ಪದ್ಧತಿಯೇ ಇರಲಿ ಎಂದರು.

ನಮ್ಮ ಸಂವಿಧಾನ ಸಭೆಯಲ್ಲೂ ಈ ಚರ್ಚೆ ನಡೆದಿತ್ತು ಎಂಬುದು ಅನೇಕರಿಗೆ ತಿಳಿದಿಲ್ಲ. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಲೋಕಸಭೆಗೆ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕೆಂದು ವಾದಿಸಿದರು. ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಇದಕ್ಕೆ ಬೇಕಾದಷ್ಟು ಅಕ್ಷರಜ್ಞಾನ ನಮ್ಮ ಜನರಲ್ಲಿಲ್ಲ, ಶಾಸನಸಭೆ ಸಣ್ಣಸಣ್ಣ ಗುಂಪುಗಳಾಗಿ ಒಡೆದು ಸ್ಥಿರ ಸರ್ಕಾರ ಸಿಗದು ಎಂಬುವು ಅವರ ಕಾರಣಗಳು. ಅಂದಿನ ಭಾರತಕ್ಕೆ ಅವು ತೂಕದ ಮಾತುಗಳೇ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಕರಡಿನಲ್ಲಿದ್ದ ಮೀಸಲು ಸ್ಥಾನಗಳನ್ನೂ ಅದೇ ವರ್ಷದ ಮೇ ತಿಂಗಳಲ್ಲಿ ಕೈಬಿಡಲಾಯಿತು.

ಹಾಗೆಂದು ಈ ಪದ್ಧತಿ ನಮಗೆ ಪೂರ್ತಿ ಪರಕೀಯವಲ್ಲ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದು ಇದರದೇ ಇನ್ನೊಂದು ರೂಪದಲ್ಲಿ. 224 ಶಾಸಕರು 4 ಸ್ಥಾನಗಳಿಗೆ ಮತ ಹಾಕಿದರೆ 45 ಮತ ಪಡೆದವರು ಗೆದ್ದಂತೆ. ಆದ್ದರಿಂದ 45 ಶಾಸಕರಿರುವ ಪಕ್ಷವೂ ಒಬ್ಬರನ್ನು ಖಚಿತವಾಗಿ ಕಳುಹಿಸಬಲ್ಲದು. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆದವರು ಈ ಸಭೆಯಲ್ಲೇ ಅನೇಕರಿರಬಹುದು. ಅಲ್ಲಿ ಆಯ್ಕೆಯಾಗುವವರು ಒಬ್ಬರೇ ಆದ್ದರಿಂದ ಸ್ಥಾನಗಳ ಹಂಚಿಕೆಯ ಪ್ರಶ್ನೆ ಏಳುವುದಿಲ್ಲ. ಆದರೆ ನಿಮ್ಮ ಮೊದಲ ಆಯ್ಕೆ ಸೋತರೂ ಎರಡನೆಯದು ಲೆಕ್ಕಕ್ಕೆ ಬರಬಹುದು ಎಂಬ ತತ್ವ ಅಲ್ಲಿದೆ.

ನಮ್ಮ ದೇಶಕ್ಕೆ ಯಾವ ಪದ್ಧತಿ ಸೂಕ್ತ ಎಂಬುದನ್ನು ಈ ವೇದಿಕೆಯಿಂದ ತೀರ್ಮಾನಿಸಲಾಗದು. ಕೋಟ್ಯಂತರ ಮತದಾರರಿರುವ ದೇಶ, ಲಕ್ಷಗಳ ಲೆಕ್ಕದಲ್ಲಿ ಮತದಾರರಿರುವ ದೇಶವನ್ನು ಕಣ್ಣುಮುಚ್ಚಿ ಅನುಕರಿಸಲಾಗದು. ಆದರೆ ಅಂಬೇಡ್ಕರ್ ಅವರು ಎತ್ತಿದ ಎರಡು ಆಕ್ಷೇಪಗಳಲ್ಲಿ ಒಂದಕ್ಕೆ ಉತ್ತರ ಕೊಡುವ ಕೆಲಸ ಮಾತ್ರ ನಮ್ಮಂತಹ ವಿದ್ಯಾಸಂಸ್ಥೆಗಳದ್ದೇ. ಹೆಸರು ಬರೆಯಲು ಬಂದರೆ ಅಕ್ಷರಜ್ಞಾನ ಮುಗಿಯಲಿಲ್ಲ. ಮತದ ಪಾಲನ್ನೂ ಸ್ಥಾನದ ಪಾಲನ್ನೂ ಹೋಲಿಸಿ ನೋಡುವುದು ಹೈಸ್ಕೂಲಿನ ಶೇಕಡಾವಾರು ಲೆಕ್ಕಕ್ಕಿಂತ ಕಷ್ಟವಲ್ಲ. ವಿದ್ಯಾರ್ಥಿಗಳೇ, ಮುಂದಿನ ಫಲಿತಾಂಶ ಪತ್ರಿಕೆಯಲ್ಲಿ ಬಂದಾಗ ಯಾರು ಗೆದ್ದರು ಎಂದು ಮಾತ್ರ ನೋಡಬೇಡಿ. ಯಾರಿಗೆ ಎಷ್ಟು ಮತ, ಎಷ್ಟು ಸ್ಥಾನ ಎಂದು ಎರಡು ಕಾಲಂ ಮಾಡಿ ಬರೆದು ನೋಡಿ. ಮನೆಯ ಹಿರಿಯರಿಗೂ ತೋರಿಸಿ. 'ವೋಟು ವೇಸ್ಟ್' ಎಂಬ ಮಾತು ಎಲ್ಲಿಂದ ಬಂತು ಎಂದು ಆಗ ನಿಮಗೇ ತಿಳಿಯುತ್ತದೆ.