ಹೊರಗುತ್ತಿಗೆ: ಕೆಲಸ ಕೊಡಬಹುದು, ಹೊಣೆ ಕೊಡಲಾಗದು
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮಮ್ಮ ಒಂದು ಸರ್ಕಾರಿ ಆಫೀಸಿನಲ್ಲಿ ಕಸ ಗುಡಿಸಿ ನಮ್ಮನ್ನ ಓದಿಸಿದರು. ಅವರದು ಕಾಯಂ ಕೆಲಸ, ಈಗ ಪಿಂಚಣಿ ಬರುತ್ತೆ. ಅದೇ ಆಫೀಸನ್ನ ಈಗ ನನ್ನ ತಮ್ಮ ಗುಡಿಸ್ತಾನೆ, ಏಜೆನ್ಸಿ ಮೂಲಕ. ಅವನಿಗೆ ಮುಂದಿನ ಟೆಂಡರ್‌ವರೆಗೆ ಮಾತ್ರ ಕೆಲಸ.

ಹೊರಗುತ್ತಿಗೆಯಲ್ಲಿ ಲಾಭವೇ ಇಲ್ಲ ಅಂತ ನಾನು ಹೇಳೋದಿಲ್ಲ. ಲಿಫ್ಟ್ ರಿಪೇರಿ, ಕಂಪ್ಯೂಟರ್ ನಿರ್ವಹಣೆಯಂಥ ಕೆಲಸಕ್ಕೆ ಅದನ್ನೇ ಕಲಿತವರು ಬೇಗ ಸಿಗ್ತಾರೆ. ನಮ್ಮ ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ನಮ್ಮ ಎಷ್ಟೋ ಮಕ್ಕಳು ಮೊದಲ ಸಂಬಳ ಕಂಡದ್ದು ಏಜೆನ್ಸಿಯಿಂದಲೇ.

ಆದರೆ ವರ್ಷವಿಡೀ ಇರುವ ಕೆಲಸಕ್ಕೂ ಇದೇ ದಾರಿ ಹಿಡಿದರೆ ಪೆಟ್ಟು ನಮಗೆ. ತಮಿಳುನಾಡು ಸರ್ಕಾರದ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 18 ಮೀಸಲಾತಿ ಇದೆ. ಅದರೊಳಗೆ 2009ರಿಂದ ಅರುಂಧತಿಯರಿಗೆ ಶೇ. 3. ಗುತ್ತಿಗೆದಾರ ಆಳು ಇಟ್ಟುಕೊಳ್ಳುವಾಗ ಆ ಲೆಕ್ಕ ಯಾರು ನೋಡ್ತಾರೆ? ಪಕ್ಕದ ಕರ್ನಾಟಕ 2024ರಲ್ಲಿ ಹೊರಗುತ್ತಿಗೆ ನೇಮಕಕ್ಕೂ ಮೀಸಲಾತಿ ಅನ್ವಯಿಸುವ ಆದೇಶ ಹೊರಡಿಸಿತು. ನಾವೂ ಕೇಳಬೇಕು.

ಇನ್ನೊಂದು ಪೆಟ್ಟು ದುಡ್ಡಿನದು. ತಮ್ಮನ ಸಂಬಳದಲ್ಲಿ ಪಿಎಫ್ ಅಂತ ಶೇ. 12 ಹಿಡೀತಿದ್ರು. ಪಾಸ್‌ಬುಕ್ ನೋಡಿದರೆ ಒಂಬತ್ತು ತಿಂಗಳು ಜಮೆಯೇ ಆಗಿಲ್ಲ! ಆಫೀಸಿನವರು "ಗುತ್ತಿಗೆದಾರನ್ನ ಕೇಳಪ್ಪ" ಅಂದರು. ಅಷ್ಟರಲ್ಲಿ ಟೆಂಡರ್ ಮುಗಿದು ಗುತ್ತಿಗೆದಾರ ಬದಲಾಗಿದ್ದ, ಹಳಬ ಫೋನ್ ಎತ್ತಲಿಲ್ಲ.

ನಾವು ಮೋಸ ಹೋಗೋದು ಇಲ್ಲೇ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇರುವ ನಿಯಮ ಇದು. ಪಿಎಫ್‌ಗೂ ಸಂಸ್ಥೆ ಹೊಣೆ. ತಮ್ಮ ಇದನ್ನೇ ಬರೆದು ಆಫೀಸಿಗೂ ಪಿಎಫ್ ಕಚೇರಿಗೂ ಅರ್ಜಿ ಕೊಟ್ಟ. ಏಳು ತಿಂಗಳದ್ದು ಬಂತು. ಉಳಿದ ಎರಡು ತಿಂಗಳ ಹಾಜರಿಗೆ ಅವನ ಹತ್ತಿರ ದಾಖಲೆ ಇಲ್ಲ, ಇನ್ನೂ ಓಡಾಡ್ತಿದ್ದಾನೆ.

ಅದಕ್ಕೇ ಕೇಳಿ. ಸಂಬಳ ಚೀಟಿ ಬಿಸಾಡಬೇಡಿ. ಹಾಜರಿ ಪುಸ್ತಕದ ಫೋಟೋ ತಿಂಗಳು ತಿಂಗಳು ತೆಗೆದಿಡಿ. ಯುಎಎನ್ ನಂಬರ್ ಇಟ್ಟುಕೊಂಡು ಪಾಸ್‌ಬುಕ್ ನೋಡ್ತಾ ಇರಿ. ಇಎಸ್‌ಐಗೆ ನಿಮ್ಮಿಂದ ಶೇ. 0.75 ಹಿಡಿದರೆ ಮಾಲೀಕ ಶೇ. 3.25 ಕಟ್ಟಬೇಕು, ಕಾರ್ಡ್ ಕೇಳಿ ತಗೊಳ್ಳಿ. ಅರ್ಜಿ ಬರೆಯೋಕೆ ಬಾರದಿದ್ದರೆ ಸಂಘಕ್ಕೆ ಬನ್ನಿ, ಕೂತು ಬರೆಯೋಣ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ದುಡಿಯುವವರ ಪರ ಕಾನೂನು ತಂದವರು. ಇರುವ ಕಾನೂನನ್ನು ಓದಿ, ಕೇಳಿ ಪಡೆಯೋದು ನಮ್ಮ ಪಾಲಿನ ಕೆಲಸ. ಅದನ್ನ ಯಾರಿಗೂ ಗುತ್ತಿಗೆ ಕೊಡಬೇಡಿ.

ಜೈ ಭೀಮ್.