ಒಂದು ಪುಟ್ಟ ನಗರದ ತಲೆಲೆಕ್ಕ

ಡೆಟ್ರಾಯಿಟ್ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. ಮೋಟಾರು ಕಾರುಗಳಿಂದ ಲೋಕಪ್ರಸಿದ್ಧವಾದ ಅಮೆರಿಕದ ಮಹಾನಗರ ಅದು. ಮಿಷಿಗನ್ ಸಂಸ್ಥಾನಕ್ಕೆ ಸೇರಿದ್ದು. ಆ ನಗರದ ನಕ್ಷೆಯನ್ನು ಎಂದಾದರೂ ಬಿಡಿಸಿ ನೋಡಿದರೆ ಅದರ ನಡುವೆ ಒಂದು ತೂತು ಕಾಣುತ್ತದೆ. ಅಚ್ಚಿನ ತಪ್ಪಲ್ಲ ಅದು. ಅಲ್ಲಿ ಬೇರೊಂದು ನಗರವೇ ಇದೆ. ಅದರ ನಗರಸಭೆ ಬೇರೆ, ಪೋಲೀಸು ಬೇರೆ, ತೆರಿಗೆ ಬೇರೆ. ಉಪನಗರ ಎಂದರೆ ಸಾಮಾನ್ಯವಾಗಿ ದೊಡ್ಡ ಊರಿನ ಹೊರಗೆ ಇರುವಂಥದ್ದು. ಇದು ದೊಡ್ಡ ಊರಿನ ಹೊಟ್ಟೆಯೊಳಗೇ ಉಳಿದ ಉಪನಗರ. ಹೆಸರು ಹ್ಯಾಮ್‌ಟ್ರ್ಯಾಮಿಕ್. ವಿಸ್ತೀರ್ಣ ಎರಡು ಚದರ ಮೈಲಿಗಿಂತ ಸ್ವಲ್ಪವೇ ಹೆಚ್ಚು. ಊರಿನ ಈ ತುದಿಯಿಂದ ಆ ತುದಿಗೆ ನಡೆದೇ ಹೋಗಿ ಬರಬಹುದು.

ಇಷ್ಟು ಚಿಕ್ಕ ಊರಿನ ವಿಚಾರ ನಮಗೇಕೆ ಎಂದು ನೀವು ಕೇಳಬಹುದು. ಖಾನೇಷುಮಾರಿಯ ಅಂಕಿಗಳನ್ನು ಹೇಗೆ ಓದಬೇಕು, ಹೇಗೆ ಓದಿದರೆ ಮೋಸಹೋಗುತ್ತೇವೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕುವುದು ಕಷ್ಟ. ಅದಕ್ಕಾಗಿಯೇ ಈ ಊರನ್ನು ಆರಿಸಿಕೊಂಡಿದ್ದೇನೆ.

ಮೊದಲು ಎರಡು ಅಂಕಿಗಳನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. 1970ರಲ್ಲಿ ಈ ಊರಿನ ಜನಸಂಖ್ಯೆ ಸುಮಾರು 27 ಸಾವಿರ. 2020ರಲ್ಲಿ 28,433. ಐವತ್ತು ವರ್ಷಕ್ಕೆ ಸಾವಿರ ಸಾವಿರದೈನೂರು ಜನ ಹೆಚ್ಚಿದರು, ಅಷ್ಟೇ. ಈ ಎರಡನ್ನೇ ನೋಡಿದವರು, 'ಪಾಪ, ನಿದ್ದೆ ಹೋಗುತ್ತಿರುವ ಊರು. ಅಲ್ಲಿ ಏನೂ ನಡೆದಿಲ್ಲ' ಎಂದಾರು. ಆದರೆ 1970ರಲ್ಲಿ ಆ ಊರಿನಲ್ಲಿ ನೂರಕ್ಕೆ 90 ಮಂದಿ ಪೋಲೆಂಡ್ ಮೂಲದವರು ಎಂದು ಹೇಳುತ್ತಿದ್ದರು. 2000ದ ಗಣತಿಯ ಹೊತ್ತಿಗೆ ಅವರು ನೂರಕ್ಕೆ 23ರಷ್ಟು ಮಾತ್ರ. ಊರಿನವರಲ್ಲಿ ನೂರಕ್ಕೆ 41 ಮಂದಿ ಪರದೇಶದಲ್ಲಿ ಹುಟ್ಟಿದವರು. ಅಂದರೆ ಮನೆಗಳು ಅವೇ, ಬೀದಿಗಳು ಅವೇ, ಒಟ್ಟು ಮೊತ್ತವೂ ಹೆಚ್ಚುಕಡಿಮೆ ಅದೇ. ಜನ ಮಾತ್ರ ಬೇರೆ. ಇದು ಹೇಗಾಯಿತು?

ಮೊದಲಿನಿಂದ ಹೇಳಬೇಕು. 1796ರಲ್ಲಿ ಬ್ರಿಟಿಷರು ಡೆಟ್ರಾಯಿಟ್ ಕೋಟೆಯನ್ನು ಬಿಟ್ಟುಕೊಟ್ಟಾಗ ಅಲ್ಲಿ ಅಧಿಕಾರ ವಹಿಸಿಕೊಂಡ ಅಮೆರಿಕದ ಸೇನಾಧಿಕಾರಿಯ ಹೆಸರನ್ನು ಈ ಪ್ರದೇಶಕ್ಕೆ ಇಟ್ಟರು. ಬಹುಕಾಲ ಅದು ಹೊಲಗದ್ದೆಗಳ ನಾಡಾಗಿತ್ತು. ಜರ್ಮನ್ ರೈತರು ಹೆಚ್ಚಾಗಿದ್ದರು. 1910ರಲ್ಲಿ ಜನಸಂಖ್ಯೆ 3,559. ಅದೇ ವರ್ಷ ಡಾಜ್ ಸಹೋದರರು ತಮ್ಮ ಮೋಟಾರು ಕಾರ್ಖಾನೆಯನ್ನು ಅಲ್ಲಿ ಕಟ್ಟಲಾರಂಭಿಸಿದರು. ಹತ್ತು ವರ್ಷ ಕಳೆದು 1920ರ ಗಣತಿಯವರು ಬಂದು ಎಣಿಸಿದರೆ 48,615 ಜನ! ಒಂದಕ್ಕೆ ಹದಿಮೂರಕ್ಕೂ ಮಿಕ್ಕಿದ ಬೆಳವಣಿಗೆ. 1930ರಲ್ಲಿ 56,268. ಎರಡು ಚದರ ಮೈಲಿಯಲ್ಲಿ ಐವತ್ತಾರು ಸಾವಿರ ಜನ ಹೇಗೆ ಇದ್ದಿರಬೇಕು, ನೀವೇ ಊಹಿಸಿಕೊಳ್ಳಿ. ಮರದ ಮನೆಗಳು, ಒಂದರ ಗೋಡೆಗೆ ಇನ್ನೊಂದರ ಗೋಡೆ ತಾಗುವಷ್ಟು ಹತ್ತಿರ. ಕೆಳಗೊಂದು ಸಂಸಾರ, ಮಹಡಿಯಲ್ಲೊಂದು ಸಂಸಾರ.

ಬಂದವರಲ್ಲಿ ಬಹುಪಾಲು ಪೋಲೆಂಡಿನ ಹಳ್ಳಿಗರು. ಕಾರ್ಖಾನೆಯಲ್ಲಿ ಕೂಲಿ ಸಿಕ್ಕಿತು. ಭಾನುವಾರಕ್ಕೆ ಸಂತ ಫ್ಲೋರಿಯನ್ನನ ಹೆಸರಿನಲ್ಲಿ ದೊಡ್ಡ ಚರ್ಚು ಎದ್ದಿತು. ಜೋಸೆಫ್ ಕಾಂಪೋ ಎಂಬ ಪೇಟೆಬೀದಿಯಲ್ಲಿ ತಮ್ಮ ಭಾಷೆಯಲ್ಲೇ ಮಾತಾಡುವ ಅಂಗಡಿಗಳಾದವು. ಡೆಟ್ರಾಯಿಟ್ ಸುತ್ತಲಿನ ಪ್ರದೇಶಗಳನ್ನೆಲ್ಲ ತನ್ನೊಳಕ್ಕೆ ಸೇರಿಸಿಕೊಳ್ಳುತ್ತಿದ್ದ ಕಾಲ ಅದು. ಈ ಊರು ಮಾತ್ರ 1922ರಲ್ಲಿ ನಗರದ ಸ್ಥಾನ ಪಡೆದು ಬೇರೆಯಾಗಿಯೇ ಉಳಿಯಿತು. ನಕ್ಷೆಯ ತೂತಿನ ಗುಟ್ಟು ಇದು.

ಏರಿದ ಅಂಕಿ 1930ರ ನಂತರ ಇಳಿಯತೊಡಗಿತು. 1950ರಲ್ಲಿ 43,355, 1960ರಲ್ಲಿ 34,137, 1980ರಲ್ಲಿ 21,300, 1990ರಲ್ಲಿ 18,372. ಅರವತ್ತು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಜನ ಕರಗಿಹೋದರು. ಕಾರಣಗಳು ಒಂದಲ್ಲ. 1921 ಮತ್ತು 1924ರ ಕಾನೂನುಗಳಿಂದ ಅಮೆರಿಕ ಪೂರ್ವ ಯೂರೋಪಿನ ವಲಸೆಗೆ ಬಾಗಿಲು ಕಿರಿದು ಮಾಡಿತು. ಹೊಸಬರು ಬರುವುದು ನಿಂತಿತು. ಎರಡನೆಯ ಮಹಾಯುದ್ಧವಾದ ಮೇಲೆ ಕೂಲಿಗಾರನ ಮಗ ಸ್ವಂತ ಕಾರು ಕೊಂಡ. ಊರಾಚೆ ಅಂಗಳವಿರುವ ಹೊಸ ಮನೆ ಕಂಡುಕೊಂಡ. ಇದ್ದ ಸಂಸಾರಗಳೂ ಚಿಕ್ಕವಾದವು. ಕೊನೆಗೆ 1980ರ ಜನವರಿಯಲ್ಲಿ ಡಾಜ್ ಕಾರ್ಖಾನೆಯೇ ಮುಚ್ಚಿತು. ಹೀಗೆ ನೋಡಿದರೆ ಇದು ಸಹಜವಾದ ಇಳಿತ, ಯಾರ ತಪ್ಪೂ ಇಲ್ಲ ಎನ್ನಿಸುತ್ತದೆ.

ಆದರೆ ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಇಳಿದ ಅಂಕಿಯೊಳಗೆ ಎರಡು ಬಗೆಯ ಜನರಿದ್ದಾರೆ: ತಾವಾಗಿ ಹೋದವರು ಒಂದು ಬಗೆ, ಕಳಿಸಲ್ಪಟ್ಟವರು ಇನ್ನೊಂದು ಬಗೆ. ಊರಿನಲ್ಲಿ ಆಫ್ರಿಕ ಮೂಲದ ಅಮೆರಿಕನ್ನರೂ ಇದ್ದರು. 'ನಗರ ನವೀಕರಣ' ಎಂಬ ಚೆಲುವಾದ ಹೆಸರಿನಲ್ಲಿ ಅವರಿದ್ದ ಬೀದಿಗಳ ಮನೆಗಳು ನೆಲಸಮವಾದವು. ಅವರು 1968ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1971ರಲ್ಲಿ ನ್ಯಾಯಾಧೀಶ ಡೇಮನ್ ಕೀತ್ ತೀರ್ಪು ಕೊಟ್ಟರು: ನಗರದ ಆಡಳಿತವು ಈ ಜನರಲ್ಲಿ ಬಹಳ ಮಂದಿಯನ್ನು ಊರಿನಿಂದ ತೆಗೆಯುವ ಉದ್ದೇಶದಿಂದಲೇ ಯೋಜನೆ ಹಾಕಿ ನಡೆಸಿತೆಂದು. ಮನೆ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಿಕೊಡಬೇಕೆಂದಾಯಿತು. ಆ ಮನೆಗಳೆಲ್ಲ ಕಟ್ಟಿ ಮುಗಿಯುವುದರೊಳಗೆ ಹೊಸ ಶತಮಾನವೇ ಬಂದಿತ್ತು. ದಾವೆ ಹೂಡಿದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಖಾನೇಷುಮಾರಿಯ ಕೋಷ್ಟಕದಲ್ಲಿ ಇವರೂ, ಊರಾಚೆ ದೊಡ್ಡ ಮನೆ ಕೊಂಡು ಹೋದವರೂ ಒಂದೇ ಸಾಲಿನಲ್ಲಿ 'ಕಡಿಮೆಯಾದವರು'. ಅಂಕಿಗೆ ಈ ಭೇದ ತಿಳಿಯದು; ತಿಳಿದುಕೊಳ್ಳಬೇಕಾದವರು ಓದುವ ನಾವು.

ಇನ್ನು ತುಂಬಿಕೊಂಡ ಕಥೆ. 1965ರಲ್ಲಿ ಅಮೆರಿಕ ತನ್ನ ವಲಸೆಯ ಕಾನೂನನ್ನು ಬದಲಿಸಿ, ದೇಶದೇಶಕ್ಕೆ ಹಾಕಿದ್ದ ಹಳೆಯ ಮಿತಿಯನ್ನು ತೆಗೆಯಿತು. ಕಾರ್ಖಾನೆಯ ಕೆಲಸ ಹುಡುಕಿ ಯೆಮನ್ ದೇಶದವರು ಬಂದರು. 1990ರ ದಶಕದಲ್ಲಿ ಯುದ್ಧದಿಂದ ನೊಂದ ಬಾಸ್ನಿಯದವರು ಬಂದರು. ನ್ಯೂಯಾರ್ಕಿನಲ್ಲಿ ಮನೆ ಬಾಡಿಗೆ ಕೊಟ್ಟು ಸಾಕಾದ ಬಂಗಾಳಿಗಳು, ಅಂದರೆ ಬಾಂಗ್ಲಾದೇಶದವರು, ಇಲ್ಲಿ ಕಡಿಮೆ ಬೆಲೆಗೆ ಮನೆಯನ್ನೇ ಕೊಳ್ಳಬಹುದೆಂದು ಕೇಳಿ ಸಂಸಾರಸಮೇತ ಬಂದರು. ಪೋಲೆಂಡಿನವರು ಬಿಟ್ಟುಹೋದ ಮಹಡಿಮನೆಗಳು ದೊಡ್ಡ ಸಂಸಾರಗಳಿಗೆ ಹೇಳಿ ಮಾಡಿಸಿದಂತಿದ್ದವು. ಕಾರಿಲ್ಲದವನೂ ಅಂಗಡಿಗೆ, ಶಾಲೆಗೆ, ಮಸೀದಿಗೆ ನಡೆದೇ ಹೋಗಬಹುದಾದ ಊರು ಅಮೆರಿಕದಲ್ಲಿ ಅಪರೂಪ. 1990ರಲ್ಲಿ 18,372 ಇದ್ದದ್ದು 2000ದಲ್ಲಿ 22,976 ಆಯಿತು, 2010ರಲ್ಲಿ ಸ್ವಲ್ಪ ತಗ್ಗಿ 22,423, 2020ರಲ್ಲಿ 28,433. ಅದೇ 2010ರಿಂದ 2020ರ ಅವಧಿಯಲ್ಲಿ ಸುತ್ತಲಿನ ಡೆಟ್ರಾಯಿಟ್ ಮಹಾನಗರ 7,13,777ರಿಂದ 6,39,111ಕ್ಕೆ ಇಳಿಯಿತೆಂಬುದನ್ನು ಮರೆಯಬೇಡಿ. ಸುತ್ತಲ ನೀರು ಇಳಿಯುತ್ತಿದ್ದಾಗ ನಡುವಿನ ಬಾವಿ ಮಾತ್ರ ತುಂಬಿತು.

ಎಲ್ಲವೂ ನಗುನಗುತ್ತ ನಡೆಯಿತೆಂದು ನಾನು ಹೇಳಲಾರೆ. ಜನ ಹೆಚ್ಚಿದರೂ ಊರಿನ ಬೊಕ್ಕಸ ತುಂಬಲಿಲ್ಲ. 2000 ಮತ್ತು 2013ರಲ್ಲಿ ಎರಡು ಬಾರಿ ಸಂಸ್ಥಾನದ ಸರ್ಕಾರವೇ ಹಣಕಾಸನ್ನು ನೋಡಿಕೊಳ್ಳಲು ಅಧಿಕಾರಿಯನ್ನು ನೇಮಿಸಬೇಕಾಯಿತು. 1999ರ ಚುನಾವಣೆಯ ದಿನ ಒಂದು ಗುಂಪಿನವರು ಮತಗಟ್ಟೆಯಲ್ಲಿ ನಿಂತು, ಬಣ್ಣ ಕಪ್ಪಗಿದ್ದವರನ್ನೂ ಅರಬ್ಬೀ ಹೆಸರಿನವರನ್ನೂ ತಡೆದು, 'ನೀವು ಈ ದೇಶದ ಪ್ರಜೆಗಳೇ?' ಎಂದು ಆಕ್ಷೇಪಿಸಿದರು. ಅವರಿಂದ ಪ್ರಮಾಣ ಮಾಡಿಸಿ ಆಮೇಲೆ ಓಟು ಕೊಡಲು ಬಿಟ್ಟರು. ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿ ಮುಂದಿನ ಚುನಾವಣೆಗಳಿಗೆ ಮೇಲ್ವಿಚಾರಕರನ್ನು ಕಳಿಸಿತು. 2004ರಲ್ಲಿ ಮಸೀದಿಯ ಬಾಂಗನ್ನು ಧ್ವನಿವರ್ಧಕದಲ್ಲಿ ಕೂಗಬಹುದೇ ಎಂಬ ಪ್ರಶ್ನೆ ಎದ್ದು ಊರೆಲ್ಲ ಎರಡಾಯಿತು. ಕೊನೆಗೆ ಜನರ ಮತಕ್ಕೇ ಹಾಕಿದರು, ಕೂಗಬಹುದೆಂದು ತೀರ್ಮಾನವಾಯಿತು. ಅಂದಿನಿಂದ ಚರ್ಚಿನ ಗಂಟೆ, ಮಸೀದಿಯ ಬಾಂಗು ಎರಡೂ ಆ ಎರಡು ಚದರ ಮೈಲಿಯ ಗಾಳಿಯಲ್ಲಿ ಕೇಳಿಬರುತ್ತವೆ.

ಈಗ ಈ ಭಾಷಣದ ಮುಖ್ಯ ಸಂಗತಿಗೆ ಬರುತ್ತೇನೆ. ಜನರನ್ನು ಎಣಿಸುವುದು ಒಂದು ಕೆಲಸ. ಎಣಿಸಿದವರನ್ನು ಯಾವ ಹೆಸರಿನ ಕೆಳಗೆ ಬರೆಯುವುದೆಂಬುದು ಇನ್ನೊಂದು. 2010ರ ಗಣತಿಯ ಪಟ್ಟಿಯಲ್ಲಿ ಈ ಊರಿನ ಜನ ನೂರಕ್ಕೆ 54ರಷ್ಟು 'ಬಿಳಿಯರು'. ಓದಿದವರು ಏನೆಂದುಕೊಂಡಾರು? ಪೋಲೆಂಡಿನವರೇ ಇನ್ನೂ ಅರ್ಧಕ್ಕಿಂತ ಹೆಚ್ಚಿದ್ದಾರೆಂದು ತಾನೆ? ಹಾಗಲ್ಲ. ಅಮೆರಿಕದ ಗಣತಿಯಲ್ಲಿ ಅರಬರನ್ನು 'ಬಿಳಿಯರು' ಎಂಬ ಶೀರ್ಷಿಕೆಯ ಕೆಳಗೆ ಸೇರಿಸುತ್ತಿದ್ದರು. ಮತಗಟ್ಟೆಯಲ್ಲಿ ಪರಕೀಯನೆಂದು ತಡೆಯಲ್ಪಟ್ಟ ಯೆಮನಿನ ಮನುಷ್ಯನೂ, ತಡೆದವನೂ ಲೆಕ್ಕದ ಪುಸ್ತಕದಲ್ಲಿ ಒಂದೇ ಮನೆಯವರು!

ಇದು ಬರಿಯ ವಿನೋದವಲ್ಲ. ಬಂಗಾಳಿಗಳನ್ನು ಗಣತಿಯಲ್ಲಿ ಏಷ್ಯದವರೊಳಗೆ ಬೇರೆಯಾಗಿ ಎಣಿಸಿದರು. ಅಮೆರಿಕದ ಒಂದು ಕಾನೂನಿನಂತೆ, ಇಂಗ್ಲಿಷ್ ಚೆನ್ನಾಗಿ ಬಾರದ ಒಂದು ಭಾಷೆಯ ಮತದಾರರು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಅವರ ಭಾಷೆಯಲ್ಲೇ ಮತಪತ್ರ ಒದಗಿಸಬೇಕು. 2011ರಲ್ಲಿ ಗಣತಿಯ ಅಂಕಿಗಳ ಆಧಾರದ ಮೇಲೆ ಹ್ಯಾಮ್‌ಟ್ರ್ಯಾಮಿಕ್ ಆ ಪಟ್ಟಿಗೆ ಬಂತು. ಬಂಗಾಳಿ ಮುದುಕಿಯೊಬ್ಬಳು ತನ್ನ ಅಕ್ಷರಗಳನ್ನೇ ಓದಿ ಓಟು ಹಾಕುವ ಹಕ್ಕು ಪಡೆದಳು. ಆದರೆ ಆ ಕಾನೂನು ಹೆಸರಿಸುವ ಗುಂಪುಗಳಲ್ಲಿ ಅರಬರಿಲ್ಲ. ಪಕ್ಕದ ಮನೆಯ ಯೆಮನಿನ ಮುದುಕಿಗೆ ಆ ಕಾನೂನಿನಿಂದ ಅಂಥ ಹಕ್ಕು ಸಿಕ್ಕಲಿಲ್ಲ. ಇಬ್ಬರೂ ಒಂದೇ ಬೀದಿಯವರು, ಒಂದೇ ತೆರಿಗೆ ಕೊಡುವವರು. ವ್ಯತ್ಯಾಸವೆಲ್ಲ ಶೀರ್ಷಿಕೆಯಲ್ಲಿ. 2024ರ ಮಾರ್ಚಿಯಲ್ಲಿ ಅಮೆರಿಕ ಸರ್ಕಾರ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದವರಿಗೆ ಬೇರೆ ಶೀರ್ಷಿಕೆ ಇರಬೇಕೆಂದು ನಿಯಮವನ್ನು ತಿದ್ದಿತು. ಶೀರ್ಷಿಕೆ ಬದಲಾದ ಮಾತ್ರಕ್ಕೆ ಮತಪತ್ರದ ಕಾನೂನು ಬದಲಾಗುವುದಿಲ್ಲ. ಆದರೆ ಲೆಕ್ಕದಲ್ಲಿ ಕಾಣದವರ ಪರವಾಗಿ ವಾದಿಸುವುದು ಯಾರಿಗೂ ಕಷ್ಟ, ಕಂಡವರ ಪರವಾಗಿ ವಾದಿಸಬಹುದು.

ಎಣಿಕೆಯ ಫಲ ಮತಪೆಟ್ಟಿಗೆಯಲ್ಲೂ ಕಂಡಿತು. 2021ರ ಚುನಾವಣೆಯಲ್ಲಿ ಯೆಮನಿನಲ್ಲಿ ಹುಟ್ಟಿದ ಅಮೀರ್ ಗಾಲಿಬ್ ಎಂಬುವರು ನಗರಾಧ್ಯಕ್ಷರಾಗಿ ಆರಿಸಿಬಂದರು. ಸುಮಾರು ಒಂದು ಶತಮಾನ ಆ ಕುರ್ಚಿಯಲ್ಲಿ ಪೋಲೆಂಡ್ ಮೂಲದವರೇ ಕುಳಿತಿದ್ದರು. ನಗರಸಭೆಯ ಸದಸ್ಯರೆಲ್ಲರೂ ಮುಸಲ್ಮಾನರಾದರು. ಬಹುಸಂಖ್ಯಾತರಾದವರು ಈಗ ಅಲ್ಪಸಂಖ್ಯಾತರನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬ ಪ್ರಶ್ನೆ ಅಂದಿನಿಂದ ಅಲ್ಲಿನ ದಿನದಿನದ ಚರ್ಚೆಯಾಯಿತು. ಹಿಂದೆ ಪೋಲೆಂಡಿನವರನ್ನು ಕೇಳಿದ್ದ ಪ್ರಶ್ನೆಯೇ ಅದು, ಕೇಳಿಸಿಕೊಳ್ಳುವವರು ಬದಲಾದರು.

ಹಾಗಾದರೆ ಊರು ಎಂದರೆ ಯಾರು? ಹೋದವರೋ, ಇರುವವರೋ, ಬಂದವರೋ? ಪೋಲೆಂಡಿನವರ ಮೊಮ್ಮಕ್ಕಳು ಇಂದಿಗೂ ಲೆಂಟ್ ಉಪವಾಸದ ಮುಂಚಿನ ಮಂಗಳವಾರ ಅಲ್ಲಿಗೆ ಬಂದು, ಪೂಂಚ್ಕಿ ಎಂಬ ತಮ್ಮ ಕರಿದ ಸಿಹಿತಿಂಡಿಗಾಗಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಅಲ್ಲಿಂದ ಕೆಲವು ಬೀದಿಗಳಾಚೆ ಕೊನಂಟ್ ರಸ್ತೆಯ ಬಂಗಾಳಿ ಅಂಗಡಿಗಳಲ್ಲಿ ಮೀನಿನ ವ್ಯಾಪಾರ ನಡೆದಿರುತ್ತದೆ. ಊರು ಇಬ್ಬರದೂ ಹೌದು. ಮನೆ ಕಳೆದುಕೊಂಡು ಮೂವತ್ತು ನಲವತ್ತು ವರ್ಷ ಕಾದವರದೂ ಹೌದು.

ಮುಂದೆ ಎಂದಾದರೂ ಪತ್ರಿಕೆಯಲ್ಲಿ ಒಂದು ಊರಿನ ಜನಸಂಖ್ಯೆ ಇಷ್ಟೆಂದು ಓದಿದಾಗ, ಆ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಇವರು ಯಾರು? ಹೋದವರು ತಾವಾಗಿ ಹೋದರೇ? ಇವರನ್ನು ಯಾವ ಹೆಸರಿನ ಕೆಳಗೆ ಬರೆದಿದ್ದಾರೆ? ಮತ್ತು ಗಣತಿಯವರು ನಿಮ್ಮ ಮನೆಯ ಬಾಗಿಲಿಗೇ ಬಂದು ನಿಂತಾಗ, 'ಇದೇನು ಉಪದ್ರವ' ಎಂದು ಬೇಸರಪಡದೆ, ಅವರನ್ನು ಕೂಡಿಸಿ, ಮನೆಯಲ್ಲಿರುವ ಒಬ್ಬರನ್ನೂ ಬಿಡದೆ ಹೇಳಿ ಬರೆಯಿಸಿ.